ಈಜುಕೊಳದ ಬಾಗಿಲಲ್ಲಿ ನಿಂತ ವರ್ಣಭೇದ

2010ರ ಆಗಸ್ಟ್ 2. ಅಮೆರಿಕದ ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ನಗರ. ಬೇಸಿಗೆಯ ಧಗೆ ಕಳೆಯಲು ಎರಡು ಕಪ್ಪು ಕುಟುಂಬಗಳು ರೆಡ್ ನದಿಯ ದಡಕ್ಕೆ ಬಂದಿದ್ದವು. ಆಳವಿಲ್ಲದ ನೀರಿನಲ್ಲಿ ಆಡುತ್ತಿದ್ದ ಹುಡುಗನೊಬ್ಬ ಒಂದು ಹೆಜ್ಜೆ ಮುಂದಿಟ್ಟ. ಅಲ್ಲಿ ನೆಲ ತಟ್ಟನೆ ಇಳಿದು ಮಡುವಾಗಿತ್ತು. ಅವನನ್ನು ಎಳೆದುಕೊಳ್ಳಲು ಒಬ್ಬರು ಹೋದರು, ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಮೊದಲು ಜಾರಿದ ಹುಡುಗನನ್ನು ಅಲ್ಲಿದ್ದವರೊಬ್ಬರು ಎಳೆದು ಉಳಿಸಿದರು. ಅವನಿಗಾಗಿ ಇಳಿದ ಆರು ಮಕ್ಕಳು ಮುಳುಗಿದರು. ದಡದಲ್ಲಿದ್ದ ಹಿರಿಯರು ಕೂಗಿಕೊಳ್ಳಬಲ್ಲವರಾಗಿದ್ದರೇ ಹೊರತು ನೀರಿಗಿಳಿಯಬಲ್ಲವರಾಗಿರಲಿಲ್ಲ. ಅವರಿಗೂ ಈಜು ಬರುತ್ತಿರಲಿಲ್ಲ.

ಇದನ್ನು ಒಂದು ದುರದೃಷ್ಟದ ದಿನವೆಂದು ಬಿಟ್ಟುಬಿಡುವಂತಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲೆಕ್ಕದಲ್ಲಿ, 10ರಿಂದ 14 ವರ್ಷದ ಕಪ್ಪು ಮಕ್ಕಳು ಈಜುಕೊಳದಲ್ಲಿ ಮುಳುಗಿ ಸಾಯುವ ಪ್ರಮಾಣ ಅದೇ ವಯಸ್ಸಿನ ಬಿಳಿಯ ಮಕ್ಕಳಿಗಿಂತ ಏಳು ಪಟ್ಟಿಗೂ ಹೆಚ್ಚು. 2017ರ ಸಮೀಕ್ಷೆಯೊಂದರಲ್ಲಿ ಶೇ 64ರಷ್ಟು ಕಪ್ಪು ಮಕ್ಕಳಿಗೆ ಈಜು ಬರುವುದಿಲ್ಲ ಅಥವಾ ಅಲ್ಪಸ್ವಲ್ಪ ಮಾತ್ರ ಬರುತ್ತದೆಂದು ಕಂಡುಬಂತು. ಬಿಳಿಯ ಮಕ್ಕಳಲ್ಲಿ ಈ ಸಂಖ್ಯೆ ಶೇ 40.

ಏಕೆ ಹೀಗೆ? ಸುಲಭದ ಉತ್ತರವೊಂದು ಬಹುಕಾಲ ಚಾಲ್ತಿಯಲ್ಲಿತ್ತು: ಕಪ್ಪು ಜನರ ಮೈಕಟ್ಟು ಭಾರ, ಅವರು ತೇಲುವುದಿಲ್ಲ. 1987ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಹಿರಿಯ ಅಧಿಕಾರಿ ಅಲ್ ಕ್ಯಾಂಪನಿಸ್ ಟಿ.ವಿ. ಸಂದರ್ಶನದಲ್ಲಿ ಕಪ್ಪು ಜನರ ಬಗ್ಗೆ ಇಂಥದ್ದೇ ನಾಲ್ಕಾರು ಮಾತಾಡಿ ಹುದ್ದೆ ಕಳೆದುಕೊಂಡರು. ಅವರು ಹೋದರು, ಮಾತು ಹೋಗಲಿಲ್ಲ.

ಚರಿತ್ರೆ ಹೇಳುವುದು ಇದಕ್ಕೆ ತದ್ವಿರುದ್ಧ. 1602ರಲ್ಲಿ ಪಶ್ಚಿಮ ಆಫ್ರಿಕದ ಚಿನ್ನದ ಕರಾವಳಿಯ ಬಗ್ಗೆ ಬರೆದ ಡಚ್ ವ್ಯಾಪಾರಿ ಪೀಟರ್ ಡಿ ಮರೇಸ್, ಅಲ್ಲಿನ ಜನರ ಈಜು ಮತ್ತು ಮುಳುಗುವ ಕೌಶಲವನ್ನು ಮೆಚ್ಚಿ ದಾಖಲಿಸಿದ್ದಾನೆ. ಆ ಕಾಲದ ಯುರೋಪಿಯನ್ನರಲ್ಲಿ ಈಜು ಬಲ್ಲವರೇ ಕಡಿಮೆ. ನಾವಿಕರಿಗೂ ಬರುತ್ತಿರಲಿಲ್ಲ! ಗುಲಾಮರನ್ನಾಗಿ ಹಿಡಿದೊಯ್ದ ಆಫ್ರಿಕನ್ನರನ್ನು ಕೆರಿಬಿಯನ್ ಸಮುದ್ರದಲ್ಲಿ ಮುತ್ತು ತೆಗೆಯಲು, ಮುಳುಗಿದ ಹಡಗುಗಳಿಂದ ಸರಕು ಎತ್ತಲು ಇಳಿಸುತ್ತಿದ್ದರು. ಅಂಥವರ ಸಂತತಿ ನೀರಿಗೆ ಅಂಜುವಂತಾದದ್ದು ಮುಖ್ಯವಾಗಿ ಇಪ್ಪತ್ತನೇ ಶತಮಾನದ ಕಥೆ.

ಈ ಕಥೆಯನ್ನು ಬಿಡಿಸಿಟ್ಟವರಲ್ಲಿ ಇತಿಹಾಸಕಾರ ಜೆಫ್ ವಿಲ್ಟ್ಸ್ ಮುಖ್ಯರು. ಅವರು ಹೇಳುವ ಒಂದು ಸಂಗತಿ ಕುತೂಹಲದ್ದು. ಉತ್ತರದ ನಗರಗಳ ಮೊದಮೊದಲ ಸಾರ್ವಜನಿಕ ಕೊಳಗಳು ಬಡ ಕೂಲಿಕಾರರು ಮೈ ತೊಳೆಯಲೆಂದು ಕಟ್ಟಿದವು. ಗಂಡಸರಿಗೊಂದು ದಿನ, ಹೆಂಗಸರಿಗೊಂದು ದಿನ. ಅಲ್ಲಿ ಕಪ್ಪು ಕೂಲಿಯವನೂ ಬಿಳಿಯ ಕೂಲಿಯವನೂ ಒಟ್ಟಿಗೆ ಇಳಿದದ್ದುಂಟು. 1920ರ ದಶಕದಲ್ಲಿ ಕೊಳಗಳು ವಿಹಾರದ ತಾಣಗಳಾಗಿ, ಗಂಡು ಹೆಣ್ಣು ಒಂದೇ ನೀರಿಗಿಳಿಯಲು ಅವಕಾಶವಾಯಿತು. ಬಿಳಿಯ ಹೆಂಗಸಿದ್ದ ನೀರಿಗೆ ಕಪ್ಪು ಗಂಡಸು ಇಳಿಯಬಾರದೆಂಬ ಹಟ ಬಲವಾದದ್ದು ಆಗಲೇ. ಜೊತೆಗೆ, ಕಪ್ಪು ಜನ ಇಳಿದರೆ ನೀರು ಕೆಡುತ್ತದೆ, ರೋಗ ಹರಡುತ್ತದೆ ಎಂಬ ಮಾತು. ಕೆರೆ ಬಾವಿಗಳ ಮೈಲಿಗೆಯ ಚರಿತ್ರೆ ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಕ್ಷಿಣದ ರಾಜ್ಯಗಳಲ್ಲಿ ತಡೆ ಕಾನೂನಿನದು, ಉತ್ತರದಲ್ಲಿ ಕಲ್ಲು ದೊಣ್ಣೆಗಳದು. 1919ರ ಜುಲೈ 27ರಂದು ಷಿಕಾಗೊದ ಮಿಷಿಗನ್ ಸರೋವರದಲ್ಲಿ ಯೂಜಿನ್ ವಿಲಿಯಮ್ಸ್ ಎಂಬ 17ರ ಹುಡುಗ ತೇಲುತ್ತಾ ಬಿಳಿಯರ ಭಾಗಕ್ಕೆ ಸರಿದ. ನೀರಿನ ಮೇಲೇನೂ ಗೆರೆ ಇರಲಿಲ್ಲ. ದಡದಿಂದ ಕಲ್ಲು ಬಿತ್ತು, ಹುಡುಗ ಮುಳುಗಿ ಸತ್ತ. ಅನಂತರದ ಗಲಭೆಯಲ್ಲಿ 38 ಜನ ಸತ್ತರು. ಮೂವತ್ತು ವರ್ಷಗಳ ಬಳಿಕ, 1949ರ ಜೂನ್ 21ರಂದು, ಸೇಂಟ್ ಲೂಯಿಸ್ ನಗರಾಡಳಿತ ಫೇರ್‌ಗ್ರೌಂಡ್ ಪಾರ್ಕ್‌ನ ಭಾರಿ ಈಜುಕೊಳವನ್ನು ಎಲ್ಲರಿಗೂ ತೆರೆಯಿತು. ಮೊದಲ ದಿನ ಕೆಲವೇ ಕಪ್ಪು ಮಕ್ಕಳು ಈಜಿದರು. ಸಂಜೆಯ ಹೊತ್ತಿಗೆ ಸಾವಿರಾರು ಬಿಳಿಯರು ನೆರೆದು ಸಿಕ್ಕ ಕಪ್ಪು ಜನರನ್ನು ಹೊಡೆದರು. ಮೇಯರ್ ಆದೇಶ ಹಿಂತೆಗೆದರು. ಮರುವರ್ಷ ನ್ಯಾಯಾಲಯ ಕೊಳ ತೆರೆಸಿತೇನೋ ನಿಜ, ಆದರೆ ಬಿಳಿಯರು ಬರುವುದನ್ನೇ ಬಿಟ್ಟರು. ಕೆಲ ವರ್ಷಗಳಲ್ಲಿ ಅದು ಮುಚ್ಚಿಯೇ ಹೋಯಿತು.

ಫ್ಲಾರಿಡಾದ ಸೇಂಟ್ ಆಗಸ್ಟೀನ್‌ನಲ್ಲಿ 1964ರ ಜೂನ್ 18ರಂದು ನಡೆದದ್ದಕ್ಕೆ ಛಾಯಾಚಿತ್ರವೇ ಸಾಕ್ಷಿ. ಮಾನ್ಸನ್ ಮೋಟಾರ್ ಲಾಡ್ಜ್‌ನ ಕೊಳಕ್ಕೆ ಕಪ್ಪು ಮತ್ತು ಬಿಳಿಯ ಚಳವಳಿಗಾರರು ಒಟ್ಟಿಗೆ ಧುಮುಕಿದರು. ಮಾಲೀಕ ಜೇಮ್ಸ್ ಬ್ರಾಕ್ ಅವರಿದ್ದ ನೀರಿಗೆ ಆ್ಯಸಿಡ್ ಸುರಿದ. ಮರುದಿನವೇ ಸೆನೆಟ್ ನಾಗರಿಕ ಹಕ್ಕುಗಳ ಮಸೂದೆಗೆ ಒಪ್ಪಿಗೆ ಕೊಟ್ಟಿತು.

ಕಾನೂನು ಬಂದ ಮೇಲಾದರೂ ಬಾಗಿಲು ತೆರೆಯಿತೇ? ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ಐದು ಕೊಳಗಳಿದ್ದವು: ನಾಲ್ಕು ಬಿಳಿಯರಿಗೆ, ಒಂದು ಕಪ್ಪು ಜನರಿಗೆ. ಪ್ರತ್ಯೇಕತೆ ಸಲ್ಲದೆಂದು ನ್ಯಾಯಾಲಯ ಹೇಳಿದಾಗ ನಗರಾಡಳಿತ ಸಾರ್ವಜನಿಕ ಕೊಳಗಳನ್ನು ನಡೆಸುವುದನ್ನೇ ಕೈಬಿಟ್ಟಿತು. ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಎಲ್ಲರಿಗೂ ಮುಚ್ಚಿದ ಮೇಲೆ ಭೇದ ಎಲ್ಲಿಂದ ಬಂತು ಎಂಬ ಅರ್ಥದಲ್ಲಿ 1971ರಲ್ಲಿ ಐವರು ನ್ಯಾಯಮೂರ್ತಿಗಳು ನಗರದ ಪರ ನಿಂತರು, ನಾಲ್ವರು ಒಪ್ಪಲಿಲ್ಲ. ಸಮಾನತೆಯ ಹೆಸರಿನಲ್ಲಿ ಇಷ್ಟು ಜಾಣ ವಾದ ಅಪರೂಪ.

ಮುಚ್ಚಿದ ಕೊಳಗಳಿಂದ ಬಿಳಿಯರಿಗೆ ಅಂಥ ನಷ್ಟವಾಗಲಿಲ್ಲ. ಅವರು ಆ ಹೊತ್ತಿಗೆ ಉಪನಗರಗಳಿಗೆ ಹೋಗಿ, ಅಲ್ಲಿ ಸದಸ್ಯರಿಗಷ್ಟೇ ಪ್ರವೇಶವಿದ್ದ ಕ್ಲಬ್ಬುಗಳನ್ನೂ ಮನೆಯ ಹಿತ್ತಿಲಲ್ಲೇ ಕೊಳಗಳನ್ನೂ ಕಟ್ಟಿಕೊಂಡಿದ್ದರು. ನಷ್ಟವಾದದ್ದು ಪೇಟೆಯೊಳಗೆ ಉಳಿದ ಮಕ್ಕಳಿಗೆ. ಕಲಿಯದವರು ತಾಯಿ ತಂದೆಯಾದರು. ನೀರಿನ ಹತ್ತಿರ ಹೋಗಬೇಡವೆನ್ನುವುದೇ ಅವರಿಗೆ ಗೊತ್ತಿದ್ದ ಏಕೈಕ ರಕ್ಷಣೆ. ಪೋಷಕರಿಗೆ ಈಜು ಬಾರದಿದ್ದರೆ ಮಕ್ಕಳು ಕಲಿಯುವ ಸಾಧ್ಯತೆ ಶೇ 19 ಮಾತ್ರ ಎನ್ನುತ್ತದೆ ಮೇಲೆ ಹೇಳಿದ ಸಮೀಕ್ಷೆ.

ಪದಕಗಳ ಮಾತೂ ಇದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಿಮೋನ್ ಮ್ಯಾನ್ಯುಯೆಲ್ ವೈಯಕ್ತಿಕ ಈಜಿನಲ್ಲಿ ಚಿನ್ನ ಗೆದ್ದ ಮೊದಲ ಕಪ್ಪು ಅಮೆರಿಕನ್ ಮಹಿಳೆಯಾದರು. ಆದರೆ ಈ ಕಥೆಗೆ ಹತ್ತಿರದವರು ಕಲೆನ್ ಜೋನ್ಸ್. ಐದರ ವಯಸ್ಸಿನಲ್ಲಿ ಪೆನ್ಸಿಲ್ವೇನಿಯಾದ ಜಲವಿಹಾರ ತಾಣವೊಂದರಲ್ಲಿ ಟ್ಯೂಬ್ ಮಗುಚಿ ಮುಳುಗಿದ ಆತನನ್ನು ಎತ್ತಿ ಉಸಿರು ಮರಳಿಸಬೇಕಾಯಿತು. ನೀರಿನಿಂದ ದೂರವಿಡುವ ಬದಲು ತಾಯಿ ಅವನನ್ನು ಈಜು ತರಗತಿಗೆ ಸೇರಿಸಿದಳು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ರಿಲೇಯಲ್ಲಿ ಚಿನ್ನ ಗೆದ್ದ ಬಳಿಕ ಜೋನ್ಸ್ ಊರೂರು ತಿರುಗಿ, ಮಕ್ಕಳ ಜೊತೆ ಕೊಳಕ್ಕಿಳಿದು ಈಜು ಕಲಿಸತೊಡಗಿದರು.