ನೀಲಗಿರಿ: ಒಂದು ಹೆಸರಿನ ಸಂಚಾರ

ಚಾಮರಾಜನಗರವು ಅರಿಕುಠಾರವೆಂದು ಕರೆಯಿಸಿಕೊಳ್ಳುತ್ತಿದ್ದ ಕಾಲದ, ಕ್ರಿ.ಶ. 1117ರ ಶಾಸನವೊಂದು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೋಡರನ್ನು ಬೆದರಿಸಿ ನೀಲ ಪರ್ವತವನ್ನು ಹೊಕ್ಕು ಅದರ ಶಿಖರವನ್ನು ಜಯಲಕ್ಷ್ಮಿಗೆ ಒಪ್ಪಿಸಿದನೆಂದು ಹೇಳುತ್ತದೆ. ಬೆಟ್ಟದ ಮೇಲಿನ ಪಶುಪಾಲಕ ಸಮುದಾಯವಾದ ತೋಡರ ಬಗ್ಗೆ ದೊರೆತಿರುವ ಅತ್ಯಂತ ಹಳೆಯ ಲಿಖಿತ ಉಲ್ಲೇಖವೆಂಬ ಕಾರಣಕ್ಕೆ ವಿದ್ವಾಂಸರು ಈ ಶಾಸನವನ್ನು ಮತ್ತೆ ಮತ್ತೆ ಓದಿದ್ದಾರೆ. ಆದರೆ ಹೆಸರುಗಳ ಇತಿಹಾಸಕ್ಕೆ ಮುಖ್ಯವಾಗುವುದು ಇನ್ನೊಂದು ಅಂಶ, ಎಂದರೆ ಬೆಟ್ಟವನ್ನು ‘ನೀಲ’ ಎಂದು ಕರೆದ ಈ ಬರಹ ಹುಟ್ಟಿದ್ದು ಬೆಟ್ಟದ ಮೇಲಲ್ಲ, ಅದರ ಉತ್ತರದ ಬಯಲಿನಲ್ಲಿ.

ಹನ್ನೆರಡು ವರ್ಷಕ್ಕೊಮ್ಮೆ ಹೂವಾಗಿ ಇಡೀ ಗುಡ್ಡವನ್ನು ನೀಲಿಯಾಗಿಸುವ ಕುರಿಂಜಿಯಿಂದ ಈ ಹೆಸರು ಬಂತೆಂಬ ವಿವರಣೆ ಪ್ರವಾಸಿ ಕೈಪಿಡಿಗಳಿಗೆ ಬಲು ಪ್ರಿಯವಾದುದು. ಆದರೆ ಮೊಣಕಾಲೆತ್ತರದ ಪೊದೆಯ ಹೂವು ಬಯಲಿನಲ್ಲಿ ನಿಂತವನ ಕಣ್ಣಿಗೆ ಬೀಳುವುದಿಲ್ಲ. ದೂರದ ಯಾವ ಬೆಟ್ಟವೂ ನೀಲಿಯಾಗಿ ಕಾಣುವುದಕ್ಕೆ ಕಾರಣ ನೋಡುವವನಿಗೂ ಬೆಟ್ಟಕ್ಕೂ ನಡುವಿರುವ ಗಾಳಿ: ಅದರ ಕಣಗಳು ಬೆಳಕಿನ ನೀಲಿ ಭಾಗವನ್ನು ಉಳಿದ ಬಣ್ಣಗಳಿಗಿಂತ ಹೆಚ್ಚಾಗಿ ಚದುರಿಸುತ್ತವೆ. ಹೀಗಾಗಿ ‘ನೀಲಗಿರಿ’ ಎಂಬುದು ಬೆಟ್ಟದ ಬಣ್ಣವನ್ನಲ್ಲ, ಬೆಟ್ಟದಿಂದ ನೋಡುವವನಿಗಿರುವ ದೂರವನ್ನು ಹೇಳುವ ಹೆಸರು. ಇದರ ಜೊತೆಗೆ ಪುರಾಣಗಳ ಭೂಗೋಳದಲ್ಲಿ ಮೇರುವಿನ ಉತ್ತರಕ್ಕೆ ನೀಲವೆಂಬ ಪರ್ವತ ಮೊದಲೇ ಇತ್ತು. ಶಾಸನಕವಿಗೆ ಕಣ್ಣೆದುರಿನ ಬೆಟ್ಟವೂ ಓದಿ ತಿಳಿದ ಬೆಟ್ಟವೂ ಒಂದೇ ಮಾತಿನಲ್ಲಿ ಸಿಕ್ಕಿರಬೇಕು.

ಬೆಟ್ಟದ ಮೇಲೆ ಬದುಕಿದವರ ಮಾತಿನಲ್ಲಿ ಈ ನೀಲಿ ಇಲ್ಲ. ಮೈಸೂರು ಸೀಮೆಯಿಂದ ವಲಸೆ ಹೋದವರೆಂದು ತಮ್ಮ ಪರಂಪರೆಯಲ್ಲಿ ಹೇಳಿಕೊಳ್ಳುವ ಬಡಗರು ತಮ್ಮ ನಾಡನ್ನು ನಾಕುಬೆಟ್ಟ ಎನ್ನುತ್ತಾರೆ. 2,637 ಮೀಟರ್ ಎತ್ತರದ ಅತ್ಯುನ್ನತ ಶಿಖರಕ್ಕೆ ಇರುವ ಹೆಸರು ದೊಡ್ಡಬೆಟ್ಟ ಎಂದಷ್ಟೇ. ಬಡಗರೆಂಬ ಹೆಸರಾದರೂ ಬಡಗಣ ದಿಕ್ಕಿನಿಂದ ಬಂದವರು ಎಂಬರ್ಥದ್ದು, ಅದೂ ದಿಕ್ಕು ಮತ್ತು ದೂರದ ಲೆಕ್ಕವೇ.

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟವೇರಿ, ಮುಂದೆ ಉದಕಮಂಡಲದಲ್ಲಿ ಮನೆ ಕಟ್ಟಿಸಿದ ಮೇಲೆ ಬಯಲಿನವರ ಈ ಹೆಸರು ‘ನೀಲ್‌ಘೆರ್ರಿ’ ಎಂಬ ಕಾಗುಣಿತದಲ್ಲಿ ಸರಕಾರಿ ಕಡತಗಳಿಗೂ ಲಂಡನ್ನಿನ ವಿಜ್ಞಾನ ಸಂಘಗಳಿಗೂ ತಲುಪಿತು. ಅಲ್ಲಿಂದಾಚೆಗೆ ಅದು ಬರಿಯ ಸ್ಥಳದ ಹೆಸರಾಗಿ ಉಳಿಯದೆ, ಪಶ್ಚಿಮಘಟ್ಟದ ಎತ್ತರದಲ್ಲಿ ಬದುಕುವ ಪ್ರಾಣಿಪಕ್ಷಿಗಳಿಗೆ ಅಂಟಿಸುವ ಚೀಟಿಯಾಯಿತು. ಕೊಡಗಿನಿಂದ ದಕ್ಷಿಣದ ಕಾಡುಗಳಲ್ಲಿ ಕಾಣುವ ಕಪ್ಪು ಮುಸುವ ನೀಲಗಿರಿ ಲಂಗೂರ್ ಆಯಿತು. ಬಿಳಿ ಚುಕ್ಕಿಗಳ ಚದುರಂಗದ ಪಟ್ಟಿಯನ್ನು ಕುತ್ತಿಗೆಯ ಹಿಂದೆ ಹೊತ್ತ ಕಾಡುಪಾರಿವಾಳವನ್ನು 1832ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ವಿಲಿಯಂ ಸೈಕ್ಸ್ ಅದನ್ನು ವಿವರಿಸಿದ್ದು ಮುಂಬಯಿ ಪ್ರಾಂತ್ಯದ ದಖ್ಖನ್ ಕಡೆಯಿಂದ, ಲ್ಯಾಟಿನ್ ಹೆಸರಿಟ್ಟದ್ದು ಅಲ್ಲಿ ಗವರ್ನರ್ ಆಗಿದ್ದ ಎಲ್ಫಿನ್‌ಸ್ಟನ್‌ನ ಗೌರವಾರ್ಥ. ಆದರೂ ರೂಢಿಯಲ್ಲಿ ನಿಂತದ್ದು ನೀಲಗಿರಿ ಕಾಡುಪಾರಿವಾಳವೆಂಬ ಹೆಸರೇ.

ಈ ಗುಂಪಿನಲ್ಲಿ ಹೆಸರಿನ ಗೊಂದಲವನ್ನು ಅತಿ ಹೆಚ್ಚು ಹೊತ್ತ ಜೀವಿ ನೀಲಗಿರಿ ತಾರ್. ತಮಿಳಿನಲ್ಲಿ ಇದು ವರೈಯಾಡು, ಎಂದರೆ ಕಡಿಬಂಡೆಯ ಆಡು. ಪ್ರಾಣಿಯ ನಡವಳಿಕೆಯನ್ನು ಹತ್ತಿರದಿಂದ ಕಂಡವರು ಇಟ್ಟ ಹೆಸರೆಂಬುದು ಕೇಳಿದೊಡನೆ ತಿಳಿಯುತ್ತದೆ. ಬೇಟೆಗೆ ಬಂದ ಇಂಗ್ಲಿಷರು ಯೂರೋಪಿನ ಪರ್ವತದ ಆಡನ್ನು ನೆನೆದು ಇದನ್ನು ನೀಲಗಿರಿ ಐಬೆಕ್ಸ್ ಎಂದರು, ಆದರೆ ಇದು ಐಬೆಕ್ಸ್ ಅಲ್ಲ. 1838ರಲ್ಲಿ ವಿಲಿಯಂ ಓಗಿಲ್ಬಿ ಇದಕ್ಕೆ ‘ಹೈಲೋಕ್ರಿಯಸ್’ ಎಂಬ ಪ್ರಭೇದನಾಮ ಕೊಟ್ಟನು. ಗ್ರೀಕ್ ಮೂಲದಲ್ಲಿ ಅದರರ್ಥ ಕಾಡಿನ ಟಗರು, ಪ್ರಾಣಿಯೋ ಕಾಡನ್ನು ಬಿಟ್ಟು ಹುಲ್ಲುಗಾವಲಿನಲ್ಲಿ ಮೇದು ಬಂಡೆಯಲ್ಲಿ ಅಡಗುವಂಥದು. ‘ತಾರ್’ ಎಂಬ ಮಾತು ಹಿಮಾಲಯದ್ದು, ಅಲ್ಲಿನ ತಾರ್ ಜೊತೆಗೆ ಇದನ್ನು ಒಂದೇ ಕುಲದಲ್ಲಿ ಸೇರಿಸಿದ್ದರ ಫಲ. 2005ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ಇದು ಹಿಮಾಲಯದ ತಾರ್‌ಗಿಂತ ಕುರಿಗಳಿಗೆ ಹತ್ತಿರವೆಂದು ತೋರಿಸಿದಾಗ ‘ನೀಲಗಿರಿಟ್ರಾಗಸ್’ ಎಂಬ ಹೊಸ ಕುಲ ಸೃಷ್ಟಿಯಾಯಿತು. ‘ಟ್ರಾಗಸ್’ ಎಂದರೆ ಹೋತ. ಹೀಗೆ ಒಂದೇ ಪ್ರಾಣಿಯ ಶಾಸ್ತ್ರೀಯ ನಾಮದ ಮೊದಲ ಪದ ಹೋತವೆಂದೂ ಎರಡನೆಯದು ಟಗರೆಂದೂ ಹೇಳುತ್ತಿದೆ, ಓಗಿಲ್ಬಿಯ ಟಗರೇ ಆಕಸ್ಮಿಕವಾಗಿ ಸತ್ಯಕ್ಕೆ ಹತ್ತಿರವಾಗಿದೆ. ಇಂದು ಈ ಪ್ರಾಣಿಯ ಅತಿ ದೊಡ್ಡ ಹಿಂಡುಗಳಿರುವುದು ನೀಲಗಿರಿಯಲ್ಲಲ್ಲ, ಕೇರಳದ ಇಡುಕ್ಕಿ ಜಿಲ್ಲೆಯ ಎರವಿಕುಲಂನಲ್ಲಿ.

1857ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆಲ್ಪೈನ್ ಕ್ಲಬ್ ತನ್ನ ಸದಸ್ಯರು ಏರುತ್ತಿದ್ದ ಪರ್ವತದ ಹೆಸರನ್ನು ಹೊತ್ತಂತೆ ನೀಲಗಿರಿಯ ಹೆಸರನ್ನೂ ಒಂದು ಸಂಘ ಹೊತ್ತುಕೊಂಡಿತು, ಆದರೆ ಅದು ಆರೋಹಿಗಳದ್ದಲ್ಲ. ದೊಡ್ಡಬೆಟ್ಟದ ನೆತ್ತಿಗೆ ಹಗ್ಗವೂ ಬೇಡ, ಹಿಮಗೊಡಲಿಯೂ ಬೇಡ. ಅಲ್ಲಿನ ಬಿಳಿಯರ ಸಾಹಸವೆಲ್ಲ ಕೋವಿಯದು. ಕೊಲ್ಲಲು ಪ್ರಾಣಿಗಳೇ ಉಳಿಯಲಾರವೆಂಬ ಆತಂಕದಿಂದ ಬೇಟೆಗಾರರೇ 1877ರಲ್ಲಿ ನೀಲಗಿರಿ ಬೇಟೆಪ್ರಾಣಿ ಮತ್ತು ಮೀನು ಸಂರಕ್ಷಣಾ ಸಂಘವನ್ನು ಕಟ್ಟಿದರು, ಎರಡೇ ವರ್ಷದಲ್ಲಿ ಅದಕ್ಕೆ ಬೆಂಬಲವಾಗಿ ಕಾಯಿದೆಯೂ ಬಂತು. ಇದೇ ಸಂಘ ಮುಂದೆ ವನ್ಯಜೀವಿ ಸಂಘವಾದಾಗಲೂ ನೀಲಗಿರಿ ಎಂಬ ಮೊದಲ ಪದ ಹಾಗೆಯೇ ಉಳಿಯಿತು. 1986ರಲ್ಲಿ ಸುಮಾರು 5,520 ಚದರ ಕಿಲೋಮೀಟರ್ ವಿಸ್ತಾರದ ನೀಲಗಿರಿ ಜೀವಗೋಳ ಮೀಸಲು ಪ್ರದೇಶ ಘೋಷಣೆಯಾದಾಗ ಬಂಡೀಪುರ, ನಾಗರಹೊಳೆಗಳೂ ಅದರೊಳಗೆ ಸೇರಿದವು. ಯಾವ ಬಯಲಿನಿಂದ ನೋಡಿ ಬೆಟ್ಟಕ್ಕೆ ಹೆಸರಿಟ್ಟರೋ ಆ ಬಯಲಿನ ಕಾಡೇ ಈಗ ಬೆಟ್ಟದ ಹೆಸರಿನೊಳಗೆ ಬಂದಿತು.

ಆರೋಹಿಗಳು ಏರಿದ ನೀಲಗಿರಿಗಳು ಬೇರೆ. ಗಢವಾಲದಲ್ಲಿ, ಹೂಕಣಿವೆಯ ಸಮೀಪದ 6,474 ಮೀಟರಿನ ನೀಲಗಿರಿ ಪರ್ವತವನ್ನು ಫ್ರಾಂಕ್ ಸ್ಮೈತ್ 1937ರಲ್ಲಿ ಏರಿದನು. ನೇಪಾಳದಲ್ಲಿ ಕಾಳಿ ಗಂಡಕಿಯ ಕಣಿವೆಯ ಮೇಲೆ ನಿಂತ ನೀಲಗಿರಿಗೆ ಮೂರು ಶಿಖರಗಳಿದ್ದು, 7,061 ಮೀಟರಿನ ಉತ್ತರ ಶಿಖರವನ್ನು 1962ರಲ್ಲಿ ಲಿಯೋನೆಲ್ ಟೆರೇ ನೇತೃತ್ವದ ಡಚ್ ತಂಡ ಮೊದಲಬಾರಿಗೆ ಮುಟ್ಟಿತು. ಇವನು 1950ರ ಅನ್ನಪೂರ್ಣಾ ಆರೋಹಣದ ಫ್ರೆಂಚ್ ತಂಡದಲ್ಲಿದ್ದವನು. ಈ ಹಿಮಶಿಖರಗಳಿಗೂ ಉದಕಮಂಡಲಕ್ಕೂ ಹೆಸರಿನ ಕೊಡುಕೊಳ್ಳುವಿಕೆ ನಡೆದಿದೆಯೆಂದು ಊಹಿಸುವ ಅಗತ್ಯವಿಲ್ಲ. ಒಡಿಶಾದ ಬಾಲೇಶ್ವರದ ಬಳಿಯ ನೀಲಗಿರಿ, ಪುರಿಯ ನೀಲಾಚಲ, ಗುವಾಹಟಿಯಲ್ಲಿ ಕಾಮಾಖ್ಯೆ ನೆಲೆಸಿದ ನೀಲಾಚಲ, ಇವೆಲ್ಲವೂ ಒಂದೇ ಸಂಸ್ಕೃತ ಪದ ಬೇರೆ ಬೇರೆ ಕಡೆ ಸ್ವತಂತ್ರವಾಗಿ ನೆಲೆಗೊಂಡ ನಿದರ್ಶನಗಳು. ದಕ್ಷಿಣದ ಪ್ರಾಣಿಗಳದ್ದು ಹಾಗಲ್ಲ: ಅಲ್ಲಿ ಹೆಸರು ಮರುಹುಟ್ಟು ಪಡೆಯಲಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲ್ಪಟ್ಟಿತು.

ಸಾಗಾಣಿಕೆಯ ಅತಿ ವಿಚಿತ್ರ ಉದಾಹರಣೆ ಕನ್ನಡದ್ದೇ. ಕನ್ನಡಿಗರಿಗೆ ‘ನೀಲಗಿರಿ’ ಎಂದೊಡನೆ ನೆನಪಾಗುವುದು ಬಹುಪಾಲು ಬೆಟ್ಟವಲ್ಲ, ಆಸ್ಟ್ರೇಲಿಯಾ ಮೂಲದ ಯೂಕಲಿಪ್ಟಸ್ ಮರ. 1843ರಲ್ಲಿ ಕ್ಯಾಪ್ಟನ್ ಕಾಟನ್ ನೀಲಗಿರಿಯಲ್ಲಿ ನೆಡಿಸಿದ ಈ ಮರಗಳು 1850ರ ದಶಕದಿಂದ ಸೌದೆಗಾಗಿ ತೋಪುಗಳಾದವು, ತಾರ್ ಮೇಯುವಂಥ ಹುಲ್ಲುಗಾವಲುಗಳನ್ನು ನುಂಗಿದವು, ಎಲೆಗಳನ್ನು ಹಂಡೆಯಲ್ಲಿ ಕುದಿಸಿ ಆವಿಯನ್ನು ತಣಿಸಿ ತೆಗೆದ ಎಣ್ಣೆ ಸೀಸೆಗಳಲ್ಲಿ ಘಟ್ಟವಿಳಿಯಿತು. ನೆಗಡಿಯಾದಾಗ ಬಿಸಿನೀರಿಗೆ ನಾಲ್ಕು ಹನಿ ಹಾಕಿ, ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳುವ ಮನೆಗಳಲ್ಲಿ ಅದು ನೀಲಗಿರಿ ಎಣ್ಣೆಯಾಯಿತು. ತಮಿಳಿನಲ್ಲಿಯೂ ಅದು ನೀಲಗಿರಿ ತೈಲವೇ. ಎಣ್ಣೆ ಬಂದ ಊರಿನ ಹೆಸರು ಎಣ್ಣೆಗೂ, ಎಣ್ಣೆಯ ಹೆಸರು ಮರಕ್ಕೂ ಏರಿತೆನ್ನುವುದೇ ಸಮಂಜಸ. ಬೆಟ್ಟದ ಮರ ಗ್ಲೋಬ್ಯುಲಸ್ ಎಂಬ ಪ್ರಭೇದದ್ದಾದರೆ, ಕೋಲಾರ ಮೊದಲಾದ ಒಣ ಜಿಲ್ಲೆಗಳಲ್ಲಿ ಹಬ್ಬಿದ ‘ಮೈಸೂರು ಗಮ್’ ಬೇರೆ ಪ್ರಭೇದ. ಜನರ ಬಾಯಲ್ಲಿ ಎರಡೂ ಒಂದೇ. 2017ರಲ್ಲಿ ಕರ್ನಾಟಕ ಸರಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿದಾಗ ಅಂತರ್ಜಲದ ದೂರುಗಳೆಲ್ಲ ಬಿದ್ದದ್ದು ಈ ಹೆಸರಿನ ಮೇಲೆಯೇ.

ಈ ಮೈಸೂರು ಗಮ್‌ನ ಮೂಲ ನಂದಿಬೆಟ್ಟ. ಟಿಪ್ಪು ಸುಲ್ತಾನನು 1790ರ ಸುಮಾರಿಗೆ ಅಲ್ಲಿ ಯೂಕಲಿಪ್ಟಸ್ ನೆಡಿಸಿದನೆಂಬ ಪ್ರತೀತಿಯನ್ನು ಒಪ್ಪಿದರೆ ಮರವು ಕನ್ನಡ ನೆಲಕ್ಕೆ ಉದಕಮಂಡಲಕ್ಕಿಂತ ಅರ್ಧ ಶತಮಾನ ಮೊದಲೇ ಬಂದಿತ್ತು, ಹೆಸರು ಮಾತ್ರ ಆಮೇಲೆ ಸೀಸೆಯ ಹಿಂದೆ ಬಂತು. ಅದೇ ನಂದಿಯ ನೆತ್ತಿಯ ಮರಗಳಲ್ಲಿ, ಘಟ್ಟದ ಕಾಡುಗಳಿಂದ ದೂರವಾಗಿ ಉಳಿದುಕೊಂಡಿರುವ ಕೆಲವು ಕಾಡುಪಾರಿವಾಳಗಳನ್ನು ನೋಡಲು ಪಕ್ಷಿವೀಕ್ಷಕರು ಬೆಳಗಿನ ಮಂಜಿನಲ್ಲಿ ದುರ್ಬೀನು ಹಿಡಿದು ಬರುತ್ತಾರೆ, ಕಂಡರೆ ಟಿಪ್ಪಣಿಪುಸ್ತಕದಲ್ಲಿ ‘ನೀಲಗಿರಿ’ ಎಂದೇ ಬರೆದುಕೊಳ್ಳುತ್ತಾರೆ.