ಮೊದಲ ದಿನದ ತೀರ್ಪು: ಸ್ಪೈನಾ ಬೈಫಿಡಾ ಶಸ್ತ್ರಚಿಕಿತ್ಸೆ ಮತ್ತು ಶೆಫೀಲ್ಡ್ ಮಾನದಂಡಗಳು

ಗರ್ಭಾಂಕುರವಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳಬೇಕಾದ ನರನಾಳ ತೆರೆದೇ ಉಳಿದರೆ, ಮಗು ಬಯಲಾದ ಬೆನ್ನುಹುರಿಯೊಂದಿಗೆ ಹುಟ್ಟುತ್ತದೆ. ಸ್ಪೈನಾ ಬೈಫಿಡಾದ ಈ ತೀವ್ರ ರೂಪವೇ ಮೈಲೋಮೆನಿಂಗೋಸೀಲ್. ಅದರ ಶಸ್ತ್ರಚಿಕಿತ್ಸೆಯಲ್ಲಿ, ಚಪ್ಪಟೆಯಾಗಿ ಹರಡಿಕೊಂಡ ನರಫಲಕವನ್ನು ಮೊದಲು ಸುತ್ತಲಿನ ಚರ್ಮದಿಂದ ಬಿಡಿಸಬೇಕು. ಚರ್ಮದ ಚೂರು ಒಳಗುಳಿದರೆ ಮುಂದೆ ಅದೇ ಡರ್ಮಾಯ್ಡ್ ಗಡ್ಡೆಯಾಗಬಹುದು. ಬಳಿಕ ಫಲಕವನ್ನು ನಾಳದಂತೆ ಮಡಿಸಿ ಹೊಲಿದು, ಮೇಲೆ ಡ್ಯೂರಾ ಪೊರೆಯನ್ನು ದ್ರವ ಸೋರದಂತೆ ಮುಚ್ಚಿ, ಸ್ನಾಯುಪೊರೆಯನ್ನೂ ಚರ್ಮವನ್ನೂ ಕೂಡಿಸುತ್ತಾರೆ. ಕಳೆದುಹೋದ ನರಶಕ್ತಿ ಇದರಿಂದ ಮರಳುವುದಿಲ್ಲ. ಸೋಂಕು ಮಿದುಳಿಗೇರುವ ದಾರಿ ಮುಚ್ಚುತ್ತದೆ, ಉಳಿದ ನರಗಳಿಗೆ ರಕ್ಷಣೆ ಸಿಗುತ್ತದೆ. ಇಷ್ಟು ಸೀಮಿತ ಉದ್ದೇಶದ ಚಿಕಿತ್ಸೆಯನ್ನು ಕೊಡುವುದೋ ಬಿಡುವುದೋ ಎಂಬುದನ್ನು 1970ರ ದಶಕದ ಇಂಗ್ಲೆಂಡಿನಲ್ಲಿ ಮಗುವಿನ ಇಡೀ ಬದುಕು ಹೇಗಿರಬಹುದೆಂಬ ಅಂದಾಜಿನ ಮೇಲೆ ನಿರ್ಧರಿಸತೊಡಗಿದರು. ಅಂಥ ಅಂದಾಜನ್ನು ಹೊರುವ ಬಲ ಮೊದಲ ದಿನದ ಪರೀಕ್ಷೆಗೆ ಇರಲಿಲ್ಲ ಎಂಬುದು ನನ್ನ ವಾದ.

ಈ ಕಥೆಯ ಕೇಂದ್ರ ಶೆಫೀಲ್ಡ್. 1956ರಲ್ಲಿ ಬಂದ ಹೋಲ್ಟರ್ ಕವಾಟ, ಇಂಥ ಮಕ್ಕಳ ಮಿದುಳಿನಲ್ಲಿ ತುಂಬುವ ದ್ರವವನ್ನು ಹೊರಹರಿಸುವ ಷಂಟ್ ಚಿಕಿತ್ಸೆಗೆ ನೆಲೆ ಒದಗಿಸಿತ್ತು. ತಕ್ಷಣದ ಮುಚ್ಚುಗೆಯನ್ನೂ ತಡವಾದ ಮುಚ್ಚುಗೆಯನ್ನೂ ಹೋಲಿಸಿ ಶೆಫೀಲ್ಡ್‌ನ ವೈದ್ಯರಾದ ಶಾರರ್ಡ್, ಜಕಾರಿ, ಲಾರ್ಬರ್ ಮತ್ತು ಬ್ರೂಸ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ತಕ್ಷಣದ ಶಸ್ತ್ರಚಿಕಿತ್ಸೆಗೆ ಒತ್ತಾಸೆಯಾಯಿತು. ಆದರೆ ಅದೇ ಜಾನ್ ಲಾರ್ಬರ್, ಆಯ್ಕೆಯಿಲ್ಲದೆ ಚಿಕಿತ್ಸೆ ಪಡೆದ 524 ಮಕ್ಕಳ ಫಲಿತಾಂಶವನ್ನು 1971ರಲ್ಲಿ ಮುಂದಿಟ್ಟು, ತೀವ್ರ ಕಾಲುಸೋಲು, ಹುಟ್ಟುವಾಗಲೇ ಊದಿದ ತಲೆ, ಬೆನ್ನುಗೂನು, ಜೊತೆಗಿರುವ ಇತರ ದೊಡ್ಡ ನ್ಯೂನತೆಗಳು ಇದ್ದರೆ ಶಸ್ತ್ರಚಿಕಿತ್ಸೆ ಬೇಡವೆಂದರು. ಅವರ ಸಂಕಟ ನಿಜವಾದದ್ದು. ಬದುಕುಳಿದವರಲ್ಲಿ ಎಷ್ಟೋ ಮಕ್ಕಳು ಮರಳಿ ಮರಳಿ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಷಂಟ್ ಸೋಂಕು, ಮೂತ್ರಪಿಂಡದ ವೈಫಲ್ಯಗಳಲ್ಲಿ ನರಳುವುದನ್ನು ಅವರು ಹತ್ತಿರದಿಂದ ಕಂಡಿದ್ದರು. ಅವರ 1973ರ ವರದಿಯಲ್ಲಿ 37 ಶಿಶುಗಳ ಪೈಕಿ 25ಕ್ಕೆ ಚಿಕಿತ್ಸೆ ಕೊಡಲಿಲ್ಲ. ಆ 25 ಶಿಶುಗಳೂ ಒಂಬತ್ತು ತಿಂಗಳೊಳಗೆ ತೀರಿಕೊಂಡವು. ಆಯ್ಕೆ ಸರಿಯಿತ್ತೆಂಬುದಕ್ಕೆ ಇದನ್ನು ಪುರಾವೆಯಾಗಿ ಓದುವುದು ಸಾಧ್ಯವಿಲ್ಲ. ಚಿಕಿತ್ಸೆಯಿಲ್ಲದ ಮಗು ಸತ್ತರೆ ಚಿಕಿತ್ಸೆ ಸಿಕ್ಕಿದ್ದರೆ ಅದು ಹೇಗೆ ಬಾಳುತ್ತಿತ್ತೆಂಬುದು ತಿಳಿಯುವುದಿಲ್ಲ. ಚಿಕಿತ್ಸೆ ನಿರಾಕರಿಸಲಾದ ಶಿಶುಗಳಿಗೆ ಮಂಪರಿನ ಔಷಧ ಕೊಡುತ್ತಿದ್ದುದನ್ನು ರಾಬರ್ಟ್ ಜಕಾರಿ 1977ರಲ್ಲಿ ಎತ್ತಿ ಆಡಿದ ಮೇಲಂತೂ, ಆ ಸಾವುಗಳನ್ನು ಬರಿಯ ರೋಗದ ಲೆಕ್ಕಕ್ಕೆ ಬರೆಯುವುದು ಇನ್ನೂ ಕಷ್ಟ.

ಇದಕ್ಕಿಂತ ಆಳವಾದ ದೋಷ ಕಾಲಕ್ಕೆ ಸಂಬಂಧಿಸಿದ್ದು. ಲಾರ್ಬರ್ ಅಳೆದದ್ದು ರೋಗ ಮತ್ತು ಅಂದಿನ ಚಿಕಿತ್ಸೆ ಎರಡೂ ಸೇರಿದ ಫಲವನ್ನು. ಮಾನದಂಡಗಳು ಪ್ರಕಟವಾದ 1971ರಲ್ಲೇ ಲಂಡನ್ನಿನಲ್ಲಿ ಮೊದಲ ಸಿಟಿ ಸ್ಕ್ಯಾನ್ ನಡೆಯಿತು. ಷಂಟ್ ಕೆಟ್ಟಿದೆಯೇ ಎಂದು ಮಿದುಳನ್ನೇ ನೋಡಿ ತಿಳಿಯುವ ಬಗೆ ಕ್ರಮೇಣ ಕೈಗೆ ಬಂತು. ಮರುವರ್ಷ ಅಮೆರಿಕದ ಮಿಶಿಗನ್‌ನಲ್ಲಿ ಜ್ಯಾಕ್ ಲ್ಯಾಪಿಡಿಸ್, ಕ್ರಿಮಿಶುದ್ಧವಲ್ಲದಿದ್ದರೂ ಸ್ವಚ್ಛವಾದ ಕೊಳವೆಯಿಂದ ರೋಗಿಯೇ ನಿಯತವಾಗಿ ಮೂತ್ರ ಖಾಲಿ ಮಾಡಿಕೊಳ್ಳುವ ವಿಧಾನವನ್ನು ಪ್ರಕಟಿಸಿದರು. ಇಷ್ಟು ಸರಳವಾದ ಕ್ರಮ ಅಸಂಖ್ಯ ಮಕ್ಕಳ ಮೂತ್ರಪಿಂಡಗಳನ್ನು ಕಾಪಾಡಿತು. 1971ರ ಅಂಕಿಗಳಲ್ಲಿ ಇದರ ಸುಳಿವಿರಲು ಹೇಗೆ ಸಾಧ್ಯ? ಕಾಲಿನ ಚಲನೆಯಿಂದ ಯಾವ ನರಗಳು ಹೋಗಿವೆಯೆಂದು ಹೇಳಬಹುದು. ಇಪ್ಪತ್ತು ವರ್ಷದ ಬದುಕನ್ನು ಹೇಳಲಾಗದು.

ಷಿಕಾಗೋದಲ್ಲಿ ಡೇವಿಡ್ ಮೆಕ್ಲೋನ್ ತಂಡ 1975–79ರಲ್ಲಿ ಆಯ್ಕೆಯಿಲ್ಲದೆ ಚಿಕಿತ್ಸೆ ನೀಡಿದ 118 ಮಕ್ಕಳ ವರದಿ 2001ರಲ್ಲಿ ಬಂತು. ನಾಲ್ಕರಲ್ಲಿ ಒಂದರಷ್ಟು ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು. ಹೆಚ್ಚಿನವರಿಗೆ ಷಂಟ್ ಬೇಕಾಗಿತ್ತು. ಸಂಪರ್ಕದಲ್ಲಿದ್ದ 71 ಜನರಲ್ಲಿ ಶೇ. 85ರಷ್ಟು ಮಂದಿ ಪ್ರೌಢಶಾಲೆಯಲ್ಲೋ ಕಾಲೇಜಿನಲ್ಲೋ ಓದುತ್ತಿದ್ದರು ಅಥವಾ ಓದು ಮುಗಿಸಿದ್ದರು. ಸಂಪರ್ಕ ತಪ್ಪಿದವರ ಸ್ಥಿತಿ ಇದಕ್ಕಿಂತ ಕೆಟ್ಟಿರಬಹುದೆಂಬ ಆಕ್ಷೇಪ ನ್ಯಾಯವಾದದ್ದೇ, ಶೇ. 85ನ್ನು ಅಪ್ಪಟ ಸತ್ಯವೆಂದು ಹಿಡಿಯಬಾರದು. ಆದರೂ ಲಾರ್ಬರ್ ವಾದ ನಿಂತಿದ್ದದ್ದು ಫಲವನ್ನು ಮೊದಲೇ ಹೇಳಬಹುದೆಂಬ ನಂಬಿಕೆಯ ಮೇಲೆ. ಅದನ್ನು ಅಲುಗಿಸಲು ಈ ಪುರಾವೆ ಸಾಕು.

ಗರ್ಭದಲ್ಲೇ ಮಾಡುವ ಶಸ್ತ್ರಚಿಕಿತ್ಸೆ ಈ ಚರ್ಚೆಯನ್ನೇ ಹಳತಾಗಿಸಿದೆ ಎನ್ನುವವರಿದ್ದಾರೆ. ಹುಟ್ಟಿದ ಮೇಲಿನ ಮುಚ್ಚುಗೆಯೊಂದಿಗೆ ಅದನ್ನು ಹೋಲಿಸಿ 2011ರಲ್ಲಿ ಪ್ರಕಟವಾದ ಅಮೆರಿಕದ ಮಾಮ್ಸ್ ಪ್ರಯೋಗದಲ್ಲಿ, ಮೊದಲ ವರ್ಷದೊಳಗೆ ಷಂಟ್ ಹಾಕಿಸಿಕೊಂಡವರ ಪ್ರಮಾಣ ಶೇ. 82ರಿಂದ 40ಕ್ಕೆ ಇಳಿಯಿತು. ಇದು ದೊಡ್ಡ ಲಾಭ. ಆದರೆ ಅವಧಿಪೂರ್ವ ಹೆರಿಗೆ ಶೇ. 15ರಿಂದ 79ಕ್ಕೇರಿತು, ತಾಯಿಯ ಗರ್ಭಕೋಶದ ಗಾಯ ಮುಂದಿನ ಬಸಿರುಗಳಿಗೂ ಅಪಾಯವಾಯಿತು. 26 ವಾರಗಳೊಳಗೆ ದೋಷ ಪತ್ತೆಯಾಗಿ, ಪರಿಣತ ಕೇಂದ್ರ ತಲುಪಿದವರಿಗೆ ಮಾತ್ರ ಈ ದಾರಿ. ಭಾರತದಲ್ಲಿ ಎಷ್ಟೋ ಶಿಶುಗಳು ಹುಟ್ಟಿದ ಮೇಲೂ ಹಲವು ದಿನ ಕಳೆದು, ಗಾಯ ಸೋಂಕಾದ ಮೇಲೆ ಶಸ್ತ್ರಚಿಕಿತ್ಸಕರ ಬಳಿ ಬರುತ್ತವೆ. ಎರಡು–ಮೂರು ದಿನಗಳೊಳಗೆ ಮುಚ್ಚುವುದೇ ಒಳ್ಳೆಯದು, ನಿಜ. ಅಷ್ಟಾದರೂ ಗಡುವು ಮೀರಿತೆಂದು ಕೈಬಿಡಲು ಕಾರಣವಿಲ್ಲ. ಚಾರ್ನಿ ಮತ್ತು ಸಹೋದ್ಯೋಗಿಗಳ 1985ರ ಅಧ್ಯಯನ, ಪೋಷಕರಿಗೆ ಯೋಚಿಸಲು ಸಮಯ ಕೊಟ್ಟು ಕೆಲ ದಿನ ತಡವಾಗಿ ಮುಚ್ಚಿದರೂ ಸಾವಿನ ಪ್ರಮಾಣ ಗಮನಾರ್ಹವಾಗಿ ಏರಲಿಲ್ಲವೆಂದು ತೋರಿಸಿತು. ತಡವಾಗಿ ಬಂದ ಮಗುವಿಗೆ ಮೊದಲು ಪ್ರತಿಜೀವಕ ಕೊಟ್ಟು ಸೋಂಕನ್ನು ಹತೋಟಿಗೆ ತಂದು, ಗಾಯ ಹದಕ್ಕೆ ಬಂದ ಮೇಲೆ ಅದೇ ಮುಚ್ಚುಗೆಯನ್ನು ಮಾಡಬಹುದು, ಮಾಡಬೇಕು.