ಇದ್ದಿಲಿಗೆ ಎಣ್ಣೆಯ ಹಂಗೇಕೆ?

ಕಟ್ಟಿಗೆಗೆ ಬೆಂಕಿ ತಾಗಿಸಿದರೆ ಉರಿ ಏಳುತ್ತದೆ. ಇದ್ದಿಲಿಗೆ ಕಡ್ಡಿ ಗೀರಿ ಹಿಡಿದರೆ ಕಡ್ಡಿಯೇ ಆರಿಹೋಗುತ್ತದೆ. ಎರಡೂ ಮರವೇ ಆಗಿದ್ದರೂ ಈ ವ್ಯತ್ಯಾಸವೇಕೆ? ಕಟ್ಟಿಗೆ ಬಿಸಿಯಾದಾಗ ಅದರಿಂದ ಹೊರಡುವ ಅನಿಲಗಳು ಹತ್ತಿಕೊಂಡು ಜ್ವಾಲೆಯಾಗುತ್ತವೆ. ಗಾಳಿ ಹೆಚ್ಚು ಆಡದಂತೆ ಮರವನ್ನು ಬೇಯಿಸಿ ಇದ್ದಿಲು ಮಾಡುವಾಗ ಆ ಅನಿಲಗಳು ಬಹುಪಾಲು ಹೊರಟುಹೋಗಿ ಇಂಗಾಲ ಉಳಿಯುತ್ತದೆ. ಅದು ಕೆಂಡವಾಗಲು ಮೊದಲು ಒಂದಿಷ್ಟು ಕಾವು, ಆಮೇಲೆ ಎಡೆಬಿಡದ ಗಾಳಿ ಬೇಕು. ಕಮ್ಮಾರನ ತಿದಿ, ಅಕ್ಕಸಾಲಿಯ ಊದುಗೊಳವೆಗಳ ಕೆಲಸವೂ ಇದೇ.

ಈ ಸರಳ ಸಂಗತಿಯನ್ನು ಬದಿಗಿಟ್ಟು ಬಾಟಲಿಯ ಎಣ್ಣೆಯನ್ನು ನೆಚ್ಚಿಕೊಂಡ ಅಮೆರಿಕದಲ್ಲಿ, ಕೊನೆಗೆ ಇದ್ದಿಲು ಹೊತ್ತಿಸುವುದಕ್ಕೂ ಒಂದು ಕಾನೂನು ಬರಬೇಕಾಯಿತು.

ಈ ಕಥೆಯಲ್ಲಿ ಮೋಟಾರು ಕಾರಿಗೂ ಒಂದು ಪಾತ್ರವಿದೆ. ಹೆನ್ರಿ ಫೋರ್ಡ್‌ನ ‘ಮಾಡೆಲ್ ಟಿ’ ಕಾರಿನಲ್ಲಿ ಮರದ ಭಾಗಗಳು ಬಹಳ. ಅವುಗಳಿಗಾಗಿ ಮಿಚಿಗನ್ ರಾಜ್ಯದ ಐರನ್ ಮೌಂಟನ್ ಬಳಿ ಮರ ಕೊಯ್ಯುವ ಕಾರ್ಖಾನೆ ತೆರೆದಾಗ ಚೂರುಪಾರು, ಹೊಟ್ಟಿನ ರಾಶಿ ಬೆಳೆಯತೊಡಗಿತು. ಏನನ್ನೂ ಪೋಲು ಮಾಡಲೊಪ್ಪದ ಫೋರ್ಡ್ 1920ರ ದಶಕದಲ್ಲಿ ಅದನ್ನು ಇದ್ದಿಲಾಗಿಸಿ, ಪುಡಿಗೆ ಗಂಜಿಯ ಅಂಟು ಬೆರೆಸಿ, ಅಚ್ಚಿನಲ್ಲಿ ಒತ್ತಿ ಉಂಡೆ ಮಾಡಿಸಿದ. ಅವು ಕಾರು ಮಾರುವ ಅಂಗಡಿಗಳಲ್ಲೇ ಮಾರಾಟವಾದವು. ಇಂಥ ಇದ್ದಿಲುಂಡೆಗೆ ಪೆನ್ಸಿಲ್ವೇನಿಯಾದ ಎಲ್ಸ್‌ವರ್ತ್ ಜ್ವಾಯರ್ 1897ರಲ್ಲೇ ಪೇಟೆಂಟ್ ಪಡೆದಿದ್ದರೂ ಅದನ್ನು ಮನೆಮಾತಾಗಿಸಿದ್ದು ಫೋರ್ಡ್‌ನ ವ್ಯಾಪಾರ.

ಎರಡನೆಯ ಮಹಾಯುದ್ಧದ ನಂತರ ನಗರಗಳ ಹೊರವಲಯದಲ್ಲಿ ಹಿತ್ತಿಲುಳ್ಳ ಮನೆಗಳು ಸಾಲುಸಾಲಾಗಿ ಎದ್ದವು. 1952ರಲ್ಲಿ ಷಿಕಾಗೊದ ಜಾರ್ಜ್ ಸ್ಟೀಫನ್ ಎಂಬಾತ, ನೀರಿನಲ್ಲಿ ತೇಲಿಬಿಡುವ ಲೋಹದ ಬುರುಡೆಯನ್ನು ಎರಡು ಹೋಳು ಮಾಡಿ ಮುಚ್ಚಳವುಳ್ಳ ಒಲೆಯನ್ನು ರೂಪಿಸಿದ. ಹಿತ್ತಿಲಲ್ಲಿ ಮಾಂಸ ಸುಡುವುದು ವಾರಾಂತ್ಯದ ಸಂಭ್ರಮವಾಯಿತು. ಆದರೆ ಒತ್ತಿ ಮಾಡಿದ ಉಂಡೆ ಬೇಗ ಹೊತ್ತುವುದಿಲ್ಲ. ಕಾಯುವ ವ್ಯವಧಾನವಿಲ್ಲದವರು ಪೆಟ್ರೋಲಿಯಂನಿಂದ ತಯಾರಿಸಿದ ದ್ರವವನ್ನು ಸುರಿದು ಕಡ್ಡಿ ಗೀರಿದರು. ಅದರಲ್ಲಿ ಒಂದು ಪಾಲು ಉರಿಯದೆ ಆವಿಯಾಗಿ ಗಾಳಿ ಸೇರುತ್ತಿತ್ತು.

ಈ ಆವಿಯನ್ನು ತಾಳಿಕೊಳ್ಳುವ ಸ್ಥಿತಿಯಲ್ಲಿ ಲಾಸ್ ಏಂಜಲಿಸ್ ಇರಲಿಲ್ಲ. 1943ರ ಜುಲೈನಲ್ಲಿ ಅಲ್ಲಿ ಕಣ್ಣುರಿಸುವ ಹೊಗೆಮಂಜು ಕವಿದಾಗ, ಯುದ್ಧಕಾಲವಾದ್ದರಿಂದ, ಜಪಾನೀಯರ ವಿಷಾನಿಲವೇ ಎಂದು ಜನ ಗಾಬರಿಯಾಗಿದ್ದರು. ಬಿಸಿಲಿನಲ್ಲಿ ಪೆಟ್ರೋಲಿಯಂ ಆವಿಯೂ ವಾಹನ, ಕಾರ್ಖಾನೆಗಳು ಉಗುಳುವ ಸಾರಜನಕದ ಆಕ್ಸೈಡುಗಳೂ ಸೇರಿ ಓಝೋನ್ ಹುಟ್ಟುವುದೇ ಇದರ ಮೂಲ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ರಸಾಯನ ವಿಜ್ಞಾನಿ ಹಾಗೆನ್-ಸ್ಮಿಟ್.

ಕಾರು, ಕಾರ್ಖಾನೆಗಳಿಗೆ ಕಡಿವಾಣ ಬಿದ್ದ ಮೇಲೆ ಸರದಿ ಹಿತ್ತಿಲಿನದು. ಅಲ್ಲಿನ ವಾಯುಗುಣ ನಿಯಂತ್ರಣ ಮಂಡಳಿ 1990ರಲ್ಲಿ ನಿಯಮವೊಂದನ್ನು ಹೊರಡಿಸಿತು. ಒಂದು ಬಾರಿ ಇದ್ದಿಲು ಹೊತ್ತಿಸಿದಾಗ ಗಾಳಿಗೆ ಸೇರುವ ಆವಿ ಸುಮಾರು 9 ಗ್ರಾಂ ಮೀರಕೂಡದು ಎಂಬುದು ಅದರ ತಿರುಳು. ಮಾಂಸ ಸುಟ್ಟರೆ ಜೈಲೇ ಎಂದು ಗೇಲಿ ಮಾಡಿದವರಿದ್ದರು. ಆದರೆ ಅದು ಒಲೆಯನ್ನೂ ಇದ್ದಿಲನ್ನೂ ನಿಷೇಧಿಸಲಿಲ್ಲ. ತಯಾರಕರು ಎಣ್ಣೆಯ ಮಿಶ್ರಣವನ್ನು ಬದಲಿಸಬೇಕಾಯಿತು. 1998ರಲ್ಲಿ ಇಂಥ ಪದಾರ್ಥಗಳಿಗೆ ರಾಷ್ಟ್ರಮಟ್ಟದ ನಿಯಮವೂ ಬಂತು.

ಎಣ್ಣೆಯೇ ಬೇಡವೆಂದವರಿಗೆ ಒಂದು ತಗಡಿನ ಕೊಳವೆ ಸಾಕು. ಕೊಳವೆಯೊಳಗೆ ಜಾಲರಿ, ಅದರ ಕೆಳಗೆ ಸುತ್ತಲೂ ತೂತುಗಳು. ಜಾಲರಿಯ ಮೇಲೆ ಇದ್ದಿಲು ತುಂಬಿ, ಕೆಳಗೆ ಹಳೆಯ ಪತ್ರಿಕೆಯ ಒಂದೆರಡು ಹಾಳೆ ಮುದುರಿಟ್ಟು ಹಚ್ಚಬೇಕು. ಬಿಸಿಗಾಳಿ ಹಗುರವಾಗಿ ಮೇಲೇರುತ್ತದೆ. ಆ ಜಾಗ ತುಂಬಲು ತೂತುಗಳಿಂದ ಹೊಸ ಗಾಳಿ ನುಗ್ಗುತ್ತದೆ. ತಿದಿ ಒತ್ತುವವರಿಲ್ಲದೆ ತಿದಿಯ ಕೆಲಸ ನಡೆಯುತ್ತದೆ. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಇದ್ದಿಲಿನ ಮೇಲೆ ಬೂದಿ ಕವಿದರೆ ಕೆಂಡ ಸಿದ್ಧ.

ಬಚ್ಚಲುಮನೆಯ ತಾಮ್ರದ ಬಾಯ್ಲರನ್ನು ಕಂಡವರಿಗೆ ಇದು ಹೊಸದಲ್ಲ. ನೀರಿನ ನಡುವೆ ಹಾದುಹೋಗುವ ಕೊಳವೆಗೆ ಇದ್ದಿಲು, ತೆಂಗಿನ ಕರಟ ಹಾಕಿ ಕೆಳಗಿನಿಂದ ಕಾಗದ ಹಚ್ಚಿದರೆ ನಡೆಯುತ್ತಿದ್ದುದೂ ಇದೇ ಕ್ರಿಯೆ. ಅಂದಹಾಗೆ, ಯಾವ ಬಗೆಯಲ್ಲಿ ಹೊತ್ತಿಸಿದರೂ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿ ಇಡಬಾರದು. ಅದು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಜೀವ ತೆಗೆಯುವ ಶಕ್ತಿಯಿದೆ.

ಒಂದು ಮನೆಯ ಒಂದಿಷ್ಟು ಎಣ್ಣೆ ಲೆಕ್ಕಕ್ಕೆ ಬಾರದು. ಲಕ್ಷಾಂತರ ಮನೆಗಳು ಒಂದೇ ಭಾನುವಾರ ಸುರಿದಾಗ ಅದು ಊರಿನ ಉಸಿರಿಗೆ ಸೇರುತ್ತದೆ. ಬದಲಿಗೆ ಉಳಿಯುವುದು ಕೆಲವು ನಿಮಿಷ ಮಾತ್ರ.